ತೀರ್ಥರಾಮ ಹತ್ತದ ಜೀಪು

ಅದು ಮಂಗಳವಾರ. ಆ ದಿನ ಮೀನಿನವನು ಬರಲಿಲ್ಲ, ಅದಕ್ಕೇ ಪೂವಮ್ಮನಿಗೆ ವಾರ ನೆನಪಿರುವುದು. ಬೇರೆ ಯಾವ ವಿಶೇಷವೂ ಆ ದಿನಕ್ಕೆ ಇರಲಿಲ್ಲ.

ಬೆಳಿಗ್ಗೆ ಐದೂವರೆಗೆ ಗಂಡ ತೀರ್ಥರಾಮ ಹಣೆಗೆ ಲೈಟು ಕಟ್ಟಿಕೊಂಡು, ಟ್ಯಾಪಿಂಗ್ ಚಾಕು ಹಿಡಿದು ಮನೆಯ ಮೇಲಿನ ಗುಡ್ಡೆಗೆ ಹೋದ. ಅಲ್ಲಿ ಗುತ್ತಿಗಾರು ಪೇಟೆಯವರೊಬ್ಬರ ರಬ್ಬರ್ ತೋಟ. ಮುನ್ನೂರ ಇಪ್ಪತ್ತು ಮರ. ಹದಿನೆಂಟು ವರ್ಷದಿಂದ ಅದರ ಟ್ಯಾಪಿಂಗ್, ಅಂದರೆ ಮರ ಕೆತ್ತಿ ಹಾಲು ಇಳಿಸುವ ಕೆಲಸ, ಅವನದೇ. ಎಂಟು ಗಂಟೆ ಸುಮಾರಿಗೆ ಗುಡ್ಡೆಯಿಂದ ಒಂದು ಕೂ ಬಂತು. ಕೊಲ್ಲಮೊಗ್ರಿನ ಕಡೆ ಗುಡ್ಡೆಯಿಂದ ಗುಡ್ಡೆಗೆ ಜನ ಕೂ ಹಾಕಿಯೇ ಕರೆಯುವುದು. ತೀರ್ಥರಾಮನ ಕೂ ಉದ್ದ, ಕೊನೆಗೆ ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತಿತ್ತು. ಮರ ಕೆತ್ತಿ ಮುಗಿಯಿತು, ಚಾ ತಾ ಅಂತ ಅದರ ಅರ್ಥ.

ಪೂವಮ್ಮ ಚಾ ಮತ್ತು ಎರಡು ದೋಸೆ ತೆಗೆದುಕೊಂಡು ಹೋದಳು. ಅವನು ಕಲ್ಲಿನ ಮೇಲೆ ಕೂತು ಎಡಗೈ ತಿಕ್ಕಿಕೊಳ್ಳುತ್ತಿದ್ದ.

"ಎಂತ ಆಯ್ತು?"

"ಕೈ ಸೆಳೆಯುದು."

"ಚಾಕು ಹಿಡಿಯುದು ಬಲಗೈಯಲ್ಲಿ. ನೋಯುದು ಎಡಗೈಯಾ?"

"ಬಲಗೈಗೆ ಕೆಲಸ ಸಿಕ್ಕಿತು ಅಂತ ಎಡಗೈಗೆ ಹೊಟ್ಟೆಕಿಚ್ಚು ಮಾರಾಯ್ತಿ."

ಅವಳು ನಕ್ಕಳು. ಅವನು ಫ್ಲಾಸ್ಕಿನ ಮುಚ್ಚಳಕ್ಕೆ ಅರ್ಧ ಚಾ ಬಗ್ಗಿಸಿ ಅವಳಿಗೇ ಕೊಟ್ಟ. ಸೌದೆ ರಾಶಿಯಲ್ಲಿ ಕಾವಿಗೆ ಕೂತ ಹೇಂಟೆಯ ಸುದ್ದಿ ಮಾತಾಡಿದರು. ಮಧ್ಯಾಹ್ನ ಶೀಟು ಒತ್ತಿದರು. ಅವನು ಹೆಪ್ಪುಗಟ್ಟಿದ ರಬ್ಬರನ್ನು ಮಿಷನ್ನಿನ ಬಾಯಿಗೆ ಕೊಟ್ಟ, ಅವಳು ಹಿಡಿ ತಿರುಗಿಸಿದಳು. ಸಂಜೆ ಅಜ್ಮಾನಿನಿಂದ ರಹ್ಮತ್‌ನ ಫೋನು ಬಂತು. ರಹ್ಮತ್ ತೀರ್ಥರಾಮನ ಚಿಕ್ಕಂದಿನ ಗೆಳೆಯ. ಇಪ್ಪತ್ತಾರು ವರ್ಷದಿಂದ ಗಲ್ಫಿನಲ್ಲಿದ್ದಾನೆ. ಅವನೇ ಹೇಳಿ ಹಾಕಿಸಿದ ಆಪಿನಲ್ಲಿ ಮುಖ ನೋಡಿ ಮಾತು.

"ನಿನ್ನ ತಲೆಕೂದಲು ಎಲ್ಲಿ ಹೋಯ್ತು ಮಾರಾಯ? ಬರೀ ಹಣೆಯೇ ಕಾಣುದು" ಅಂದ ರಹ್ಮತ್.

"ನೀನು ಫೋನು ಸ್ವಲ್ಪ ದೂರ ಹಿಡಿ. ನಿನ್ನ ಹೊಟ್ಟೆ ಇದರೊಳಗೆ ಹಿಡಿಯುದಿಲ್ಲ."

ರಾತ್ರಿ ಪೂವಮ್ಮ ಆ ಕೈಗೆ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಅಷ್ಟೇ. ಅದು ಕೊನೆಯ ದಿನ ಅಂತ ಗೊತ್ತಿದ್ದರೆ ಬೇರೆ ಎಂತ ಮಾಡುತ್ತಿದ್ದಳು? ಕೈ ತಿಕ್ಕುವುದು ಬಿಟ್ಟು ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು. ಗೊತ್ತಿರಲಿಲ್ಲ.

ತೀರ್ಥರಾಮ ಎಂಥ ಮನುಷ್ಯ ಅಂತ ಯಾರಾದರೂ ಕೇಳಿದರೆ ಪೂವಮ್ಮನಿಗೆ ಮೊದಲು ನೆನಪಾಗುವುದು ಹೆಣ್ಣು ನೋಡಲು ಬಂದ ದಿನ. ಅವನ ಕಡೆಯವರು ಜೀಪಿನಲ್ಲಿ ಬಂದರು. ಹುಡುಗನೂ ಅವನ ತಾಯಿ ಅಪ್ಪಿಯೂ ಮಾತ್ರ ಒಂದು ಗಂಟೆ ತಡವಾಗಿ, ನಾಲ್ಕು ಮೈಲಿ ನಡೆದು, ಬೆವರಿಕೊಂಡು ಬಂದರು. ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಪೂವಮ್ಮನ ತಂದೆ ಬೆಳ್ಯಪ್ಪ, "ಜೀಪಿನಲ್ಲಿ ಜಾಗ ಇರಲಿಲ್ಲವಾ?" ಅಂತ ಕೇಳಿದರು. "ಜಾಗ ಉಂಟು. ನಮಗೆ ಆ ಜೀಪು ಆಗುದಿಲ್ಲ" ಅಂದರು ಅಪ್ಪಿ. ಹುಡುಗ ನೆಲ ನೋಡುತ್ತಿದ್ದ. ಪೂವಮ್ಮನಿಗೆ ಆಗ ಇಪ್ಪತ್ತೆರಡು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಾನು ಬೇಡ ಅಂದರೆ ಇಷ್ಟು ದೂರ ನಡೆದು ಬಂದವನು ಮತ್ತೆ ಅಷ್ಟೇ ದೂರ ನಡೆಯಬೇಕಲ್ಲ ಅಂತ ಅನ್ನಿಸಿತು ಅವಳಿಗೆ. ಆಗಬಹುದು ಅಂದಳು.

ಆ ಜೀಪಿನ ಕತೆ ಅವಳಿಗೆ ಗೊತ್ತಾದದ್ದು ಮದುವೆಯ ನಂತರ, ಅತ್ತೆಯ ಬಾಯಿಂದ.

ಜೀಪು ಚೆನ್ನಪ್ಪನದು. ಚೆನ್ನಪ್ಪನ ಮನೆ ಇವರ ಮನೆಯಿಂದ ಸ್ವಲ್ಪ ಕೆಳಗೆ, ರಸ್ತೆಯ ಬದಿಯಲ್ಲಿ. ಆಗ ಬಸ್ಸು ಕಡಿಮೆ. ಜನ ಪೇಟೆಗೆ ಹೋಗುವುದು ಅವನ ಸರ್ವಿಸ್ ಜೀಪಿನಲ್ಲಿ. ಇಪ್ಪತ್ತು ವರ್ಷದ ತೀರ್ಥರಾಮ ಅದರ ಕ್ಲೀನರ್. ಮುಂದಿನ ವರ್ಷ ಲೈಸೆನ್ಸು ಮಾಡಿಸಿ ಡ್ರೈವರ್ ಆಗಬೇಕು ಅಂತ ಇದ್ದವನು. ರಹ್ಮತ್ ಅದೇ ಸ್ಟ್ಯಾಂಡಿನ ಇನ್ನೊಂದು ಜೀಪಿನಲ್ಲಿದ್ದ. ಒಂದು ದಿನ ಚೆನ್ನಪ್ಪನ ಜೀಪಿನ ಬ್ಯಾಟರಿ ಕಾಣೆಯಾಯಿತು. ಹುಡುಗರಿಬ್ಬರೇ ಮಾರಿದ್ದು ಅಂತ ಯಾರೋ ಹೇಳಿದರು. ಚೆನ್ನಪ್ಪ ಇಬ್ಬರನ್ನೂ ಸ್ಟ್ಯಾಂಡಿನ ಕಂಬಕ್ಕೆ ಕಟ್ಟಿಸಿದ. ಇನ್ನೂ ಇಬ್ಬರು ಅವನ ಜೊತೆ ಸೇರಿದರು. ಮೂರು ಗಂಟೆಯ ಜೀಪು ಹೋಗುವವರೆಗೂ ಹೊಡೆದರು. ಪ್ಯಾಸೆಂಜರುಗಳು ನೋಡುತ್ತಾ ನಿಂತಿದ್ದರು. ತಿಂಗಳು ಕಳೆದ ಮೇಲೆ ಆ ಬ್ಯಾಟರಿ ಬೇರೆಯವರ ಮನೆಯಲ್ಲಿ ಸಿಕ್ಕಿತು.

ಆ ಸಂಜೆ ತೀರ್ಥರಾಮ ಮನೆಗೆ ಬಂದು ಜೀಪಿನಿಂದ ಬಿದ್ದೆ ಅಂತ ಹೇಳಿದ. ರಹ್ಮತ್ ಅವನ ಮನೆಯಲ್ಲಿ ಹೇಳಿದ್ದೂ ಅದೇ. ನಿಜ ಏನೆಂದು ಅಪ್ಪಿಗೆ ಹೇಳಿದ್ದು ಆ ಜೀಪಿನಲ್ಲಿ ಬಂದ ಪ್ಯಾಸೆಂಜರುಗಳೇ.

ಅಪ್ಪಿ ಪೊಲೀಸಿಗೆ ಹೋಗಲಿಲ್ಲ. ಮಗನನ್ನು ಕರೆದುಕೊಂಡು ಊರಿನ ದೈವಸ್ಥಾನಕ್ಕೆ ಹೋದರು. ಕಲ್ಲಿನ ಮೇಲೆ ತೆಂಗಿನಕಾಯಿ, ವೀಳ್ಯದೆಲೆ, ಒಂದು ನಾಣ್ಯ ಇಟ್ಟು, ಚೆನ್ನಪ್ಪನ ಹೆಸರು ಹೇಳಿ, ಇನ್ನು ನೀನೇ ನೋಡಿಕೋ ಅಂದರು. ಹಾಗೆ ದೂರು ಇಟ್ಟ ಮೇಲೆ ಆ ಎರಡು ಮನೆಗಳ ನಡುವೆ ನೀರು ಇಲ್ಲ, ಬೆಂಕಿ ಇಲ್ಲ, ಒಬ್ಬರ ಚಾವಡಿಗೆ ಇನ್ನೊಬ್ಬರು ಹತ್ತುವ ಹಾಗಿಲ್ಲ, ಒಬ್ಬರ ಗಾಡಿಯಲ್ಲಿ ಇನ್ನೊಬ್ಬರು ಕೂರುವ ಹಾಗಿಲ್ಲ. ತಪ್ಪಿದರೆ ದೈವದ ಕಣ್ಣು ದೂರು ಇಟ್ಟವರ ಮೇಲೆಯೇ ತಿರುಗುತ್ತದೆ. ದೂರು ಬಿಡಿಸಬೇಕಾದರೆ ಎರಡು ಮನೆಯವರೂ ಒಟ್ಟಿಗೆ ಆ ಕಲ್ಲಿನ ಮುಂದೆ ನಿಲ್ಲಬೇಕು.

ರಹ್ಮತ್ ಮರುವರ್ಷ ಗಲ್ಫಿಗೆ ಹೋದ. ತೀರ್ಥರಾಮ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ಆದರೆ ಜೀಪಿನ ಮೇಲಿನ ಆಸೆ ಅವನಿಗೆ ಹೋಗಿರಲಿಲ್ಲ. ಕೆಳಗಿನ ತಿರುವಿನಲ್ಲಿ ಗಾಡಿ ಗೇರು ಬದಲಿಸುವ ಶಬ್ದ ಕೇಳಿಯೇ ಇದು ಯಾರದು, ಎಷ್ಟು ಜನ ಕೂತಿದ್ದಾರೆ, ಬ್ರೇಕು ಹೇಗುಂಟು ಅಂತ ಹೇಳುತ್ತಿದ್ದ. ಊಟದ ಮಧ್ಯೆ ಕೈ ಎತ್ತಿ ಹಿಡಿದು ಕೇಳುತ್ತಿದ್ದ. ಚೆನ್ನಪ್ಪನ ಜೀಪಾದರೆ ಮಾತ್ರ ಏನೂ ಹೇಳದೆ ಉಣ್ಣುತ್ತಿದ್ದ. ಹಾಗಾಗಿ ಪೂವಮ್ಮನಿಗೂ ಅದು ಯಾರ ಜೀಪೆಂದು ಗೊತ್ತಾಗುತ್ತಿತ್ತು.

ಹತ್ತು ವರ್ಷದ ಹಿಂದೊಮ್ಮೆ, ಹಳೆಯದು ಬಿಡಿಸಿಕೊಳ್ಳುವ ಅಂತ ಚೆನ್ನಪ್ಪ ಹೇಳಿ ಕಳಿಸಿದ್ದ. ಮೊದಲು ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ತಪ್ಪಾಯ್ತು ಅಂತ ಹೇಳಲಿ ಅಂದರು ಅಪ್ಪಿ. ಚೆನ್ನಪ್ಪ ಹೇಳಲಿಲ್ಲ. ವಿಷಯ ಅಲ್ಲಿಗೇ ನಿಂತಿತು.

"ನಿಮಗೆ ಎಂತ ಅನ್ನಿಸ್ತದೆ?" ಅಂತ ಪೂವಮ್ಮ ಗಂಡನನ್ನು ಕೇಳಿದ್ದಳು.

"ನನಗೆ ಎಂತ ಅನ್ನಿಸ್ಲಿಕ್ಕೆ ಉಂಟು?" ಅಂತ ಹೇಳಿ ಅವನು ಚಾಕು ಮಸೆಯಲು ಕೂತ. ಅದು ಮೊದಲೇ ಹರಿತ ಇತ್ತು.

ಬುಧವಾರ ಎಂಟು ಗಂಟೆಯಾದರೂ ಕೂ ಬರಲಿಲ್ಲ. ಎಂಟೂಕಾಲಿಗೆ ಪೂವಮ್ಮ ತಾನೇ ಹೊರಟಳು. ತೀರ್ಥರಾಮ ಮರಕ್ಕೆ ಒರಗಿ ಕೂತಿದ್ದ. ಮುಖ ಬೂದಿಯ ಹಾಗೆ. ಅಂಗಿ ಒದ್ದೆ. "ಎದೆ ಹಿಡಿದ ಹಾಗೆ ಆಗುದು" ಅಂದ. ಅವನ ಕೈಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಇಳಿಸಿದಳು. ಮಗ ಅಭಿರಾಮ್ ಮೊದಲ ಬಸ್ಸಿಗೆ ಸುಳ್ಯಕ್ಕೆ ಹೋಗಿಯಾಗಿತ್ತು. ಐಟಿಐಗೆ ಸೇರಿ ನಾಲ್ಕು ತಿಂಗಳಾಗಿತ್ತಷ್ಟೆ. ಆಟೋದವನಿಗೆ ಫೋನು ಮಾಡಿದಳು. ಸುಬ್ರಹ್ಮಣ್ಯದಲ್ಲಿದ್ದೇನೆ, ಬರುವಾಗ ಮುಕ್ಕಾಲು ಗಂಟೆ ಆದೀತು ಅಂದ.

ಆಗ ಮೇಲಿನಿಂದ ಒಂದು ಗಾಡಿ ಇಳಿದು ಬಂತು. ತೀರ್ಥರಾಮ ಏನೂ ಹೇಳಲಿಲ್ಲ. ಅದರಿಂದಲೇ ಅವಳಿಗೆ ಯಾರ ಜೀಪೆಂದು ಗೊತ್ತಾಯಿತು.

ಚೆನ್ನಪ್ಪ ಜೀಪು ನಿಲ್ಲಿಸಿ ಇಳಿದ. ಅರುವತ್ತೇಳು ವರ್ಷ ಆಗಿತ್ತು ಅವನಿಗೆ. ಒಮ್ಮೆ ತೀರ್ಥರಾಮನ ಮುಖ ನೋಡಿದ. ಹಿಂದಿನ ಬಾಗಿಲು ತೆಗೆದ.

"ಹತ್ತು ಮಾರಾಯ. ಹಳೇದೆಲ್ಲ ಆಮೇಲೆ ಮಾತಾಡುವ."

ತೀರ್ಥರಾಮ ತಲೆ ಅಲ್ಲಾಡಿಸಿದ.

"ನಿನ್ನ ಕಾಲು ಹಿಡೀತೇನೆ, ಹತ್ತು."

"ಬೇಡ."

ಪೂವಮ್ಮನ ಕೈ ಗಂಡನ ಬೆನ್ನಿನ ಮೇಲಿತ್ತು. ಒಂದು ಸಲ ದೂಡಿದ್ದರೆ ಸಾಕಿತ್ತು. ಅವನಲ್ಲಿ ಎದುರು ನಿಲ್ಲುವ ಶಕ್ತಿ ಇರಲಿಲ್ಲ. ಅವಳು ದೂಡಲಿಲ್ಲ. ಇಪ್ಪತ್ತು ವರ್ಷ ಆ ಮನೆಯ ನೀರು ಮುಟ್ಟದೆ ಇದ್ದವಳು. ಹತ್ತಿಸಿದರೆ ದೈವ ಅವನನ್ನು ದಾರಿಯಲ್ಲೇ ತೆಗೆದುಕೊಂಡು ಹೋದರೆ ಅಂತ ಹೆದರಿದಳು.

ಚೆನ್ನಪ್ಪ ಸ್ವಲ್ಪ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತ. ಆಮೇಲೆ ಜೀಪು ಓಡಿಸಿಕೊಂಡು ಕೆಳಗೆ ಹೋಗಿ, ಅಲ್ಲಿಂದ ಬೇರೆಯವರ ಕಾರು ಕಳಿಸಿದ. ಅದು ಬರುವಾಗ ಮೂವತ್ತೈದು ನಿಮಿಷ ಆಗಿತ್ತು. ಗುತ್ತಿಗಾರು ದಾಟುವ ಮೊದಲೇ ತೀರ್ಥರಾಮನ ತಲೆ ಅವಳ ಮಡಿಲಿನಲ್ಲಿ ಭಾರವಾಯಿತು.

ಮನೆಯಲ್ಲಿ ಅತ್ತೆ ಕೇಳಿದರು, "ಬೇಗ ಕೊಂಡುಹೋಗ್ಲಿಕ್ಕೆ ಆಗ್ಲಿಲ್ವಾ?"

"ಗಾಡಿ ಸಿಗಲಿಲ್ಲ ಅತ್ತೆ" ಅಂದಳು ಪೂವಮ್ಮ.

ಚೆನ್ನಪ್ಪನೂ ಯಾರಿಗೂ ಏನೂ ಹೇಳಲಿಲ್ಲ. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಅವನು ರಸ್ತೆಯಲ್ಲಿ ನಿಂತು ಹೋದದ್ದನ್ನು ಅವಳು ಅಡುಗೆಕೋಣೆಯ ಕಿಟಕಿಯಿಂದ ನೋಡಿದಳು.

ಆಮೇಲೆ ಹದಿನಾರು ತಿಂಗಳು. ಗುಡ್ಡೆಯ ಟ್ಯಾಪಿಂಗಿಗೆ ಬೇರೆಯವನು ಬಂದ. ಅವನು ಕೂ ಹಾಕುವುದಿಲ್ಲ, ಅವನ ಹತ್ತಿರ ಫೋನುಂಟು. ಆದರೂ ಎಂಟು ಗಂಟೆಯಾದರೆ ಪೂವಮ್ಮನ ಕೈಯ ಕೆಲಸ ನಿಲ್ಲುತ್ತಿತ್ತು. ಪಾತ್ರೆ ತೊಳೆಯುತ್ತಿದ್ದರೆ ಪಾತ್ರೆ, ಗುಡಿಸುತ್ತಿದ್ದರೆ ಹಿಡಿಸೂಡಿ. ಒಂದು ನಿಮಿಷ. ಮತ್ತೆ ಕೆಲಸ. ಜನ ದುಃಖ ಕಮ್ಮಿ ಆಗ್ತದೆ ಅಂತ ಹೇಳಿದರು. ದುಃಖ ಕಮ್ಮಿ ಆಯಿತೋ ಏನೋ. ಅವನು ಬೇಕು ಅನ್ನಿಸುವುದು ಕಮ್ಮಿ ಆಗಲಿಲ್ಲ. ಫ್ಲಾಸ್ಕಿನ ಮುಚ್ಚಳದಲ್ಲಿ ಚಾ ಕುಡಿಯಬೇಕು ಅನ್ನಿಸುತ್ತಿತ್ತು, ಮನೆಯಲ್ಲಿ ಅಷ್ಟು ಲೋಟ ಇದ್ದರೂ. ಅವನ ಬೆವರಿಗೆ ರಬ್ಬರಿನ ಹುಳಿ ವಾಸನೆ ಸೇರಿರುತ್ತಿತ್ತು. ಬದುಕಿದ್ದಾಗ ಸ್ನಾನ ಮಾಡಿ ಬನ್ನಿ ಅಂತ ಬೈಯುತ್ತಿದ್ದಳು. ಈಗ ಶೀಟು ಒಣಗಿಸುವ ಕೊಟ್ಟಿಗೆಗೆ ಕೆಲಸ ಇಲ್ಲದಿದ್ದರೂ ಹೋಗಿ ನಿಲ್ಲುತ್ತಿದ್ದಳು.

ಅಭಿರಾಮ್‌ಗೆ ಹದಿನೆಂಟು ತುಂಬಿದ ಮಾರ್ಚ್ ತಿಂಗಳಲ್ಲಿ ಒಂದು ಸಂಜೆ ಅವನು ಎಡಕಿವಿಗೆ ಕರವಸ್ತ್ರ ಒತ್ತಿಕೊಂಡು ಮನೆಗೆ ಬಂದ. ಕರವಸ್ತ್ರದಲ್ಲಿ ರಕ್ತ.

"ಎಂತ ಆಯ್ತು ಮಗ?"

"ಬಸ್ಸಿನಿಂದ ಇಳಿಯುವಾಗ ಬಿದ್ದೆ ಅವ್ವ."

ಪೂವಮ್ಮ ಅವನ ಎರಡೂ ಕೈ ತಿರುಗಿಸಿ ಅಂಗೈ ನೋಡಿದಳು. ಬಿದ್ದವರ ಅಂಗೈ ತರಚಿರುತ್ತದೆ. ಇವನದು ಸ್ವಚ್ಛ ಇತ್ತು. ಮರುದಿನ ಸುಳ್ಯದ ಕಿವಿ ಡಾಕ್ಟರು ಲೈಟು ಹಾಕಿ ನೋಡಿ ಹೇಳಿದರು, "ಕಿವಿಯ ತಮಟೆ ಹರಿದಿದೆ. ಇದು ಬಿದ್ದರೆ ಆಗುವಂಥದ್ದಲ್ಲಮ್ಮ. ಯಾರೋ ಕೆನ್ನೆಗೆ ಬಲವಾಗಿ ಬಾರಿಸಿದ್ದಾರೆ." ಅಭಿರಾಮ್ ನೆಲ ನೋಡಿದ. ಹೆಣ್ಣು ನೋಡಲು ಬಂದ ದಿನ ಅವನ ಅಪ್ಪ ನೋಡಿದ ಹಾಗೆಯೇ. ಪೂವಮ್ಮನಿಗೆ ಆಗ ನಿಜವಾಗಿ ಹೆದರಿಕೆಯಾಯಿತು. ಗಂಡನನ್ನು ಈ ಮೌನಕ್ಕೆ ಕೊಟ್ಟಾಗಿತ್ತು. ಮಗನನ್ನು ಕೊಡುವುದಿಲ್ಲ ಅಂತ ಅಲ್ಲಿಯೇ ಗಟ್ಟಿ ಮಾಡಿಕೊಂಡಳು. ಹೇಗೆ ಅಂತ ಗೊತ್ತಿರಲಿಲ್ಲ.

ಅಭಿರಾಮ್ ಕ್ಲಾಸಿಗೆ ಹೋಗುವುದು ನಿಲ್ಲಿಸಿದ. ಫೋನು ಆಫ್ ಮಾಡಿ ಇಟ್ಟ. ಪೂವಮ್ಮನ ಅಕ್ಕನ ಮಗ ಉದಯ ಬೈಕಿನಲ್ಲಿ ಬಂದು ಅಂಗಳದಲ್ಲಿ ನಿಂತ.

"ಹೆಸರು ಹೇಳು ಸಾಕು. ನಾಳೆ ನಾಲ್ಕು ಬೈಕು ಹೊರಡ್ತದೆ."

ಅಭಿರಾಮ್ ಬೈಕಿನ ಚಕ್ರ ನೋಡುತ್ತಾ ನಿಂತ.

"ನಿನ್ನ ಕಿವಿ ಹೋದದ್ದಾ, ಬಾಯಿ ಹೋದದ್ದಾ?"

"ನೀನು ಹೋಗು ಉದಯಣ್ಣ."

"ಹೆದರ್ತೀಯಾ? ನಾನಿದ್ದೇನಲ್ಲ."

"ನೀನು ಹೊಡೆದು ಬೈಕಿನಲ್ಲಿ ಹೋಗ್ತೀಯ. ನಾನು ದಿನಾ ಬಸ್ಸಿನಲ್ಲಿ ಹೋಗಬೇಕು."

ಉದಯ ಬೈಕಿಗೆ ಒದ್ದು ಸ್ಟಾರ್ಟ್ ಮಾಡಿ ಹೋದ.

ಆ ವಾರವೇ ರಹ್ಮತ್ ಫೋನು ಮಾಡಿದ. ತೀರ್ಥರಾಮ ಹೋದ ಮೇಲೂ ತಿಂಗಳಿಗೊಮ್ಮೆ ಮಾಡುತ್ತಿದ್ದ. ಪೂವಮ್ಮ ಕಿವಿಯ ವಿಷಯ ಹೇಳಿದಳು.

"ಬಿದ್ದೆ ಅಂತ ಹೇಳಿದನಾ?"

"ಹೌದು."

"ಪೂವಮ್ಮಕ್ಕ, ನಾನು ಇಲ್ಲಿಗೆ ಬಂದ ಎರಡನೇ ವರ್ಷ ಫೋರ್ಮನ್ ಪೈಪಿನಲ್ಲಿ ಹೊಡೆದ. ಎರಡು ಪಕ್ಕೆಲುಬು ಹೋಯ್ತು. ಪಾಸ್ಪೋರ್ಟು ಅವರ ಕೈಯಲ್ಲಿ. ಎಂತ ಮಾಡುದು? ಬಾತ್ರೂಮಿನಲ್ಲಿ ಜಾರಿದೆ ಅಂತ ಊರಿಗೆ ಬರೆದೆ. ನನ್ನ ಉಮ್ಮ ಸಾಯುವವರೆಗೂ ಫೋನಿನಲ್ಲಿ ಹೇಳ್ತಿದ್ದರು, ಬಾತ್ರೂಮಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಹೋಗು ಮಗ ಅಂತ." ಅವನು ನಗಲು ನೋಡಿದ. "ನಮ್ಮ ರೂಮಿನಲ್ಲಿ ಒಬ್ಬ ನೇಪಾಳದ ಹುಡುಗ ಇದ್ದಾನೆ, ಹುಬ್ಬಿನ ಮೇಲೆ ಗಾಯ. ಬಾಂಗ್ಲಾದವ ಒಬ್ಬ, ಪೇಶಾವರದವ ಒಬ್ಬ. ಎಂತ ಆಯ್ತು ಅಂತ ಕೇಳಿ ನೋಡಿ. ಎಲ್ಲಾ ದೇಶದ ಹುಡುಗರೂ ಒಂದೇ ಬಾತ್ರೂಮಿನಲ್ಲಿ ಜಾರುದು ಅಕ್ಕ."

"ಯಾಕೆ ಹೇಳುದಿಲ್ಲ ರಹ್ಮತ್?"

"ಹೇಳಿದರೆ ಮತ್ತೆ ಹೊಡೀತಾರೆ. ಅದೊಂದು. ಮತ್ತೆ, ಹೇಳಿದರೆ ಕೇಳಿದವರು ಮೊದಲು ಕೇಳುದು ನೀನು ಎಂತ ಮಾಡಿದೆ ಅಂತ. ನಮ್ಮನ್ನು ಕಂಬಕ್ಕೆ ಕಟ್ಟಿದಾಗಲೂ ಒಬ್ಬರೂ ಚೆನ್ನಪ್ಪನನ್ನು ಕೇಳಲಿಲ್ಲ. ನಮ್ಮನ್ನೇ ಕೇಳಿದ್ದು."

ಪೂವಮ್ಮ ಆ ಮಾತನ್ನು ಇಟ್ಟುಕೊಂಡಳು. ನೀನು ಎಂತ ಮಾಡಿದೆ ಅಂತ ಮಗನನ್ನು ಕೇಳಬಾರದು.

ಶುಕ್ರವಾರ ಬೆಳಿಗ್ಗೆ ಎದ್ದು ನೋಡುವಾಗ ಅತ್ತೆ ಸ್ನಾನ ಮಾಡಿ, ಹರಿವಾಣದಲ್ಲಿ ತೆಂಗಿನಕಾಯಿ, ವೀಳ್ಯದೆಲೆ ಇಟ್ಟು ಚಾವಡಿಯಲ್ಲಿ ಕೂತಿದ್ದರು. ಅಪ್ಪಿಗೆ ಎಂಬತ್ತರ ಹತ್ತಿರ. ಬೆನ್ನು ಬಾಗಿದೆ. ಸ್ವರ ಬಾಗಿಲ್ಲ.

"ಅಭಿಯನ್ನು ಕರಕೊಂಡು ದೈವಸ್ಥಾನಕ್ಕೆ ಹೋಗಿ ಬರ್ತೇನೆ. ಅಲ್ಲಿ ಪೂಜೆ ಮಾಡುವ ಜತ್ತಪ್ಪನಿಗೆ ಹೇಳಿ ಕಳಿಸಿದ್ದೇನೆ, ಬಾಗಿಲು ತೆಗೆದಿಡ್ತಾನೆ."

"ಯಾರು ಹೊಡೆದದ್ದು ಅಂತಲೇ ಗೊತ್ತಿಲ್ಲ ಅತ್ತೆ."

"ನಮಗೆ ಗೊತ್ತಿಲ್ಲ. ದೈವಕ್ಕೆ ಗೊತ್ತುಂಟು."

ಅಭಿರಾಮ್ ಒಳಗಿನಿಂದ ಬಂದ. ಹೊಸ ಬಿಳಿ ಪಂಚೆ ಅವನ ಹತ್ತಿರ ಇರಲಿಲ್ಲ. ಅಪ್ಪನದನ್ನು ಉಟ್ಟಿದ್ದ. ಎಷ್ಟೋ ದಿನದ ನಂತರ ಅವನ ಮುಖ ಹಗುರವಾಗಿತ್ತು. ಹೆಸರು ಹೇಳದೆ ಮುಗಿಯುವ ದಾರಿ ಸಿಕ್ಕಿತ್ತು. ಕಾಯಿ ಇಟ್ಟು ಬಂದರೆ ಆಯಿತು, ಇನ್ನು ಯಾರೂ ಕೇಳುವುದಿಲ್ಲ. ಪಂಚೆಯ ತುದಿ ಎತ್ತಿ ಹಿಡಿದು ಬಾಗಿಲಲ್ಲಿ ನಿಂತ ಅವನನ್ನು ಪೂವಮ್ಮ ನೋಡಿದಳು. ಅದೇ ಹೆಗಲು. ಓಡಿ ಹೋಗಿ ಮುಟ್ಟಬೇಕು ಅನ್ನಿಸಿತು. ಮುಟ್ಟಲಿಲ್ಲ. ಮೆಟ್ಟಿಲಿಗೆ ಅಡ್ಡ ನಿಂತಳು.

"ನೀನು ಹೋಗುದು ಬೇಡ."

"ದೈವಕ್ಕೆ ಹೋಗುವವನನ್ನು ತಡೀತೀಯಾ?" ಅಂದರು ಅಪ್ಪಿ.

"ತಡೀತೇನೆ ಅತ್ತೆ."

ಅತ್ತೆಯ ಮುಂದೆ ಇಪ್ಪತ್ತು ವರ್ಷದಲ್ಲಿ ಅವಳು ಹಾಗೆ ನಿಂತದ್ದಿಲ್ಲ. ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ಮಗನಿಗೆ ಹೇಳಿದರೆ ಈ ಮುದುಕಿಗೂ ಹೇಳಿದ ಹಾಗೆ. ಹೇಳಿದ ಮೇಲೆ ಮುದುಕಿ ಬದುಕುವುದು ಹೇಗೆ? ಅದಕ್ಕೇ ಹದಿನಾರು ತಿಂಗಳು ನುಂಗಿಕೊಂಡದ್ದು. ಈಗ ಅತ್ತೆಯನ್ನು ನೋಡುವುದೋ ಮಗನನ್ನು ನೋಡುವುದೋ. ಮಗನನ್ನು ನೋಡಿದಳು.

"ಅವತ್ತು ಗಾಡಿ ಸಿಗಲಿಲ್ಲ ಅಂತ ಹೇಳಿದ್ದು ಸುಳ್ಳು. ಗಾಡಿ ಬಂದಿತ್ತು. ಚೆನ್ನಪ್ಪಣ್ಣನ ಜೀಪು. ಅವರೇ ಇಳಿದು ಬಾಗಿಲು ತೆಗೆದರು. ಕಾಲು ಹಿಡೀತೇನೆ ಅಂದರು. ನಿನ್ನಪ್ಪ ಹತ್ತಲಿಲ್ಲ."

ಅಪ್ಪಿಯ ಕೈಯಲ್ಲಿದ್ದ ಹರಿವಾಣ ವಾಲಿತು. ಕಾಯಿ ಉರುಳಿ ಅಂಗಳಕ್ಕೆ ಹೋಯಿತು. ಯಾರೂ ಎತ್ತಲಿಲ್ಲ.

"ಅಪ್ಪ ಬೇಡ ಅಂದರಾ?" ಅಭಿರಾಮ್ ಕೇಳಿದ.

"ಬೇಡ ಅಂದರು."

"ನೀನು?"

"ನನ್ನ ಕೈ ಅವರ ಬೆನ್ನಿನ ಮೇಲೆಯೇ ಇತ್ತು. ನಾನು ಸುಮ್ಮನೆ ನಿಂತೆ."

ಅವನು ಪಂಚೆಯ ತುದಿ ಬಿಟ್ಟ. ಪೂವಮ್ಮ ಮುಂದುವರಿಸಿದಳು. ನಿಲ್ಲಿಸಿದರೆ ಮತ್ತೆ ಆಗುವುದಿಲ್ಲ ಅಂತ ಗೊತ್ತಿತ್ತು.

"ಇಪ್ಪತ್ತು ವರ್ಷದ ಹುಡುಗನಿಗೆ ಹೊಡೆದರು. ಅವ ಬಿದ್ದೆ ಅಂದ. ಆಮೇಲೆ ಒಂದು ಕಾಯಿ ಇಟ್ಟು ಬಂದ. ಅಲ್ಲಿಗೆ ಮುಗೀತು ಅಂತ ಎಲ್ಲರೂ ತಿಳಕೊಂಡೆವು. ಮುಗೀಲಿಲ್ಲ ಮಗ. ನಲವತ್ತೇಳನೇ ವರ್ಷಕ್ಕೆ ಅದೇ ಪೆಟ್ಟಿನಲ್ಲಿ ಸತ್ತರು. ನಿನಗೆ ಯಾರು ಹೊಡೆದರು ಅಂತ ಹೇಳು. ನೀನು ಎಂತ ಮಾಡಿದೆ ಅಂತ ನಾನು ಕೇಳುದಿಲ್ಲ."

ಅಭಿರಾಮ್ ಹಿತ್ತಿಲಿಗೆ ಹೋದ. ಅಪ್ಪಿ ಮೆಟ್ಟಿಲಿನ ಮೇಲೆ ಕೂತರು. ಅಲ್ಲಿಂದಲೇ ಕೇಳಿದರು, "ಯಾಕೆ ಹೇಳಲಿಲ್ಲ ನೀನು?"

"ನಿಮಗೆ ಹೇಗೆ ಹೇಳುದು ಅತ್ತೆ?"

"ನಾನು ಅವನಿಗೆ ಒಳ್ಳೇದಾಗ್ಲಿ ಅಂತ ಇಟ್ಟದ್ದು."

"ಗೊತ್ತುಂಟು."

"ಅವ ನನ್ನ ಮಾತು ಮೀರುವವನಲ್ಲ." ಅವರು ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಪೂವಮ್ಮ ಪಕ್ಕದಲ್ಲಿ ಕೂತಳು. ಇಬ್ಬರಿಗೂ ಬೇಕಾದವನು ಒಬ್ಬನೇ. ಇಬ್ಬರಿಗೂ ಇನ್ನು ಸಿಗುವವನಲ್ಲ.

ಮಧ್ಯಾಹ್ನ ಪೂವಮ್ಮ ಗಂಜಿ ಬಸಿಯುತ್ತಿದ್ದಾಗ ಅಭಿರಾಮ್ ಬಂದು ಅಡುಗೆಕೋಣೆಯ ಬಾಗಿಲಿಗೆ ಒರಗಿದ. ಮೂರು ಹೆಸರು ಹೇಳಿದ. ಇಬ್ಬರು ಮೊದಲು ಅದೇ ಐಟಿಐಯಲ್ಲಿ ಓದಿ ಬಿಟ್ಟವರು. ಬ್ಯಾಗಿನಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಬಸ್ಸಿನಲ್ಲಿ ಬಾ, ಇಳಿಯುವಲ್ಲಿ ಒಬ್ಬ ತೆಗೆದುಕೊಳ್ಳುತ್ತಾನೆ ಅಂತ ಹೇಳಿದ್ದರಂತೆ.

"ಎರಡು ಸಲ ತಂದಿದ್ದೇನೆ ಅವ್ವ. ಮೂರನೇ ಸಲ ಆಗುದಿಲ್ಲ ಅಂದೆ. ಹೊಳೆಬದಿಗೆ ಕರಕೊಂಡು ಹೋದರು."

ಪೂವಮ್ಮ ಕೈಯ ತಟ್ಟೆ ಕೆಳಗಿಟ್ಟಳು. ಕೇಳುವುದಿಲ್ಲ ಅಂದಿದ್ದಳು. ಕೇಳಲಿಲ್ಲ. ಅವನೇ ಹೇಳಿದ.

"ಮೊದಲ ಸಲ ಒಳಗೆ ಎಂತ ಉಂಟು ಅಂತ ಗೊತ್ತಿರಲಿಲ್ಲ. ಎರಡನೇ ಸಲ ಗೊತ್ತಿತ್ತು, ಗಾಂಜಾ ಅಂತ. ಈಗ ಹೇಳಿದರೆ ನನ್ನನ್ನೂ ಹಿಡೀತಾರೆ."

"ಹಿಡಿದರೆ ನಾನು ಬಂದು ಕೂರ್ತೇನೆ ನಿನ್ನ ಜೊತೆ."

"ಸ್ಟೇಷನ್ನಿನಲ್ಲಿಯಾ?" ಅವನ ಬಾಯಿ ಸ್ವಲ್ಪ ಓರೆಯಾಯಿತು. "ನಿನ್ನನ್ನು ಯಾರು ಬಿಡ್ತಾರೆ ಅಲ್ಲಿ ಕೂರ್ಲಿಕ್ಕೆ?"

"ಎಬ್ಬಿಸ್ಲಿ ನೋಡುವ."

ಶನಿವಾರ ಮೊದಲ ಬಸ್ಸಿಗೆ ಹೋದರು. ಆ ಬಸ್ಸಿನಲ್ಲಿ ಮೂವರಲ್ಲಿ ಯಾರೂ ಇರಲಿಲ್ಲ. ಆದರೂ ಪ್ರತಿ ಸ್ಟಾಪಿನಲ್ಲಿ ಅಭಿರಾಮ್ ಬಾಗಿಲು ನೋಡುತ್ತಿದ್ದ. ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಎರಡು ಗಂಟೆ ಕೂತರು. ಬರೆದುಕೊಳ್ಳುವವರು ವಯಸ್ಸಾದವರು. ಒಮ್ಮೆ ಪೆನ್ನು ನಿಲ್ಲಿಸಿ, "ಎರಡು ಸಲ ತಂದದ್ದನ್ನೂ ಬರೆಯುದಾ?" ಅಂತ ಹುಡುಗನನ್ನೇ ಕೇಳಿದರು. ಅಭಿರಾಮ್ ತಾಯಿಯನ್ನು ನೋಡಿದ. "ಬರೀರಿ" ಅಂದ. ಡಾಕ್ಟರ ಚೀಟಿಯ ಪ್ರತಿ ಕೊಟ್ಟರು. ಪೂವಮ್ಮ ಸಹಿ ಹಾಕಿದಳು. ಪೂ ಬರೆದು, ವ ಬರೆದು, ಸ್ವಲ್ಪ ನಿಂತು, ಉಳಿದದ್ದು ಬರೆದಳು.

ಆಮೇಲೆ ಸುಲಭ ಆಗಲಿಲ್ಲ. ಅಭಿರಾಮ್‌ನನ್ನು ನಾಲ್ಕು ಸಲ ಕರೆಸಿದರು. ಆ ಹುಡುಗರಲ್ಲಿ ಒಬ್ಬನ ತಂದೆ ಹಣ್ಣಿನ ಚೀಲ ಹಿಡಿದು ಮನೆಗೆ ಬಂದು, ಮಕ್ಕಳ ವಿಷಯ, ಮಾತಿನಲ್ಲಿ ಮುಗಿಸುವ ಅಂದರು. ಪೂವಮ್ಮ ಅವರಿಗೆ ಚಾ ಕೊಟ್ಟಳು, ಚೀಲ ವಾಪಸು ಕೊಟ್ಟಳು. ಕೇಸು ನಡೆಯುತ್ತಾ ಉಂಟು. ಅದರಲ್ಲಿ ಅಭಿರಾಮ್‌ನ ಹೆಸರು ಯಾವ ಕಡೆ ಉಳಿಯುತ್ತದೆ ಅಂತ ವಕೀಲರಿಗೂ ಖಾತ್ರಿ ಇಲ್ಲ. ಅವನು ಮತ್ತೆ ಕ್ಲಾಸಿಗೆ ಹೋಗುತ್ತಿದ್ದಾನೆ. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಉದಯ ಅವನನ್ನು ಇನ್ನೂ ಹೇಡಿ ಅಂತಲೇ ಕರೆಯುವುದು.

ಅಪ್ಪಿ ಒಂದು ತಿಂಗಳು ಮಾತು ಕಮ್ಮಿ ಮಾಡಿದರು. ಒಂದು ದಿನ ಕೋಲು ಊರಿಕೊಂಡು ರಸ್ತೆಗೆ ಇಳಿದು ನಿಂತರು. ಚೆನ್ನಪ್ಪನ ಜೀಪು ಬಂದು ನಿಂತಿತು.

"ಬರುವ ಸಂಕ್ರಮಣಕ್ಕೆ ದೈವಸ್ಥಾನಕ್ಕೆ ಬರ್ತೀಯಾ?"

"ಬರ್ತೇನೆ ಅಪ್ಪಿಯಕ್ಕ."

"ಸ್ಟ್ಯಾಂಡಿನಲ್ಲಿ ಹೇಳುದು ಬೇಡ ಇನ್ನು. ಕೇಳಬೇಕಾದವನೇ ಇಲ್ಲ."

ಸಂಕ್ರಮಣದ ದಿನ ಎರಡು ಮನೆಯವರೂ ಕಲ್ಲಿನ ಮುಂದೆ ನಿಂತು ದೂರು ಬಿಡಿಸಿಕೊಂಡರು. ಹತ್ತು ನಿಮಿಷದ ಕೆಲಸ. ಹತ್ತೇ ನಿಮಿಷ ಅಂತ ಪೂವಮ್ಮನಿಗೆ ಗೊತ್ತಿರಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಅತ್ತರೆ ಅತ್ತೆಗೆ ಕಾಣುತ್ತದೆ ಅಂತ ಅಳಲಿಲ್ಲ. ಬರುವಾಗ ಚೆನ್ನಪ್ಪ ಜೀಪಿನ ಬಾಗಿಲು ತೆಗೆದ. ಅತ್ತೆ ಹತ್ತಿದರು. ಪೂವಮ್ಮ ನಡೆದು ಬರ್ತೇನೆ ಅಂದಳು. ಅವಳಿಗೆ ಅಷ್ಟು ಬೇಗ ಆಗಲಿಲ್ಲ.

ಅಭಿರಾಮ್‌ನ ಕಿವಿಯ ತಮಟೆ ಇನ್ನೂ ಕೂಡಿಲ್ಲ. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಬೇಕಾದೀತು ಅಂತ ಡಾಕ್ಟರು ಹೇಳಿದ್ದಾರೆ. ಅಲ್ಲಿಯವರೆಗೆ ಒಂದು ಹನಿ ನೀರೂ ಒಳಗೆ ಹೋಗಬಾರದು. ಅದಕ್ಕೆ ಬೆಳಿಗ್ಗೆ ಆರು ಗಂಟೆಗೆ ಅವನು ಬಚ್ಚಲಿನ ಮೆಟ್ಟಿಲಿನ ಮೇಲೆ ತಲೆ ಓರೆ ಮಾಡಿ ಕೂರುತ್ತಾನೆ. ಪೂವಮ್ಮ ಹತ್ತಿಯನ್ನು ಬೆರಳಿನಲ್ಲಿ ಉರುಟು ಮಾಡುತ್ತಾಳೆ. ತೆಂಗಿನೆಣ್ಣೆಗೆ ಅದ್ದಿ ಹಿಂಡುತ್ತಾಳೆ. ಕಿವಿಯ ತುದಿ ಹಿಡಿದು ಮೆಲ್ಲಗೆ ಒತ್ತಿ ಇಡುತ್ತಾಳೆ. ಇದನ್ನು ಅವನೇ ಮಾಡಿಕೊಳ್ಳಬಹುದು. ಹದಿನೆಂಟು ದಾಟಿದ ಹುಡುಗ. ಅವನು ಹಾಗೆ ಹೇಳಿಲ್ಲ, ಅವಳೂ ಹೇಳಿಲ್ಲ.

"ಬಿಗಿ ಆಯ್ತಾ?"

"ಆಯ್ತು ಅವ್ವ."

ಒಮ್ಮೊಮ್ಮೆ ಆಗಿರುವುದಿಲ್ಲ. ಅವಳು ತೆಗೆದು, ಹೊಸ ಹತ್ತಿ ಉರುಟು ಮಾಡಿ, ಮತ್ತೆ ಇಡುತ್ತಾಳೆ.